ಪ್ರೊಸೆಸರುಗಳ ಪರಿವರ್ತನೆಯೂ ಸಂಗೀತದ ಸಂರಕ್ಷಣೆಯೂ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲೂಕುಗಳು ಅರಣ್ಯಸಂಪತ್ತಿಗೆ ಹೆಸರಾದಂತೆಯೇ ನಾದವೈವಿಧ್ಯಕ್ಕೂ ಹೆಸರಾಗತಕ್ಕವು. ಸಿದ್ದಿಗಳ ದಮಾಮ್ ವಾದ್ಯವೂ ಕುಣಿತವೂ, ಜೋಯಿಡಾದ ಕುಣಬಿಗಳ ಹಾಡುಗಳೂ, ೧೯೬೬ರಿಂದ ಮುಂಡಗೋಡದ ಬಳಿ ನೆಲಸಿದ ಟಿಬೇಟಿಯರ ಗಾಂಡೆನ್, ಡ್ರೆಪುಂಗ್ ವಿಹಾರಗಳ ಮಂತ್ರಪಠನವೂ ಒಂದೇ ಸೀಮೆಯಲ್ಲಿ ಕೇಳಬರುತ್ತವೆ. ಇವುಗಳಲ್ಲಿ ಸಿದ್ದಿ, ಕುಣಬಿ ಹಾಡುಗಳು ಬಾಯಿಂದ ಬಾಯಿಗೆ ಬಂದವು. ಬಲ್ಲ ಹಿರಿಯರು ಕಣ್ಮರೆಯಾದ ಬಳಿಕ ಮುದ್ರಿತವಾದ ಧ್ವನಿಯೇ ಆಧಾರ. ಧ್ವನಿಮುದ್ರಣವು ಈಗ ಗಣಕಯಂತ್ರದಲ್ಲಿ ನಡೆಯುವುದರಿಂದ, ಯಂತ್ರದ ಜಾತಿ ಬದಲಾದಾಗ ಮುದ್ರಿತ ಸಂಗೀತದ ಗತಿಯೇನು ಎಂಬುದು ಕೇವಲ ಯಂತ್ರಜ್ಞರ ಪ್ರಶ್ನೆಯಲ್ಲ. ಇತಿಹಾಸಕಾರರ ಪ್ರಶ್ನೆಯೂ ಅಹುದು.

ಗಣಕದಲ್ಲಿ ಲೆಕ್ಕವನ್ನೆಲ್ಲ ನಡೆಸುವ ಪ್ರೊಸೆಸರಿಗೆ ತನ್ನದೇ ಆದ ಆಜ್ಞಾಭಾಷೆಯುಂಟು. ಒಂದು ಜಾತಿಯ ಪ್ರೊಸೆಸರಿಗಾಗಿ ಸಿದ್ಧಪಡಿಸಿದ ತಂತ್ರಾಂಶವು ಇನ್ನೊಂದು ಜಾತಿಗೆ ಅರ್ಥವಾಗುವುದಿಲ್ಲ. ಅದನ್ನು ಹೊಸದಾಗಿ ಸಿದ್ಧಪಡಿಸಬೇಕು. ಇಲ್ಲವೇ ನಡುವೆ ಒಬ್ಬ ದುಭಾಷಿ ಬೇಕು.

ಸಂಗೀತಗಾರರಲ್ಲಿ ಬಹುವಾಗಿ ಬಳಕೆಯಲ್ಲಿರುವ ಮ್ಯಾಕಿಂತೋಷ್ ಗಣಕಗಳ ಚರಿತ್ರೆಯಲ್ಲಿ ಇಂಥ ಪರಿವರ್ತನೆ ಮೂರು ಸಲ ನಡೆದಿದೆ. ೧೯೮೪ರಲ್ಲಿ ಮೋಟೊರೋಲಾ ೬೮೦೦೦ ಪ್ರೊಸೆಸರಿನೊಡನೆ ಹುಟ್ಟಿದ ಈ ಯಂತ್ರವು ೧೯೯೪ರಲ್ಲಿ ಪವರ್‌ಪಿಸಿಗೂ, ೨೦೦೬ರಲ್ಲಿ ಇಂಟೆಲ್‌ಗೂ, ೨೦೨೦ರ ನವೆಂಬರಿನಲ್ಲಿ ಎಂ-೧ ಎಂಬ ಆಪಲ್ ಸಂಸ್ಥೆಯ ಸ್ವಂತ ಪ್ರೊಸೆಸರಿಗೂ ಬದಲಾಯಿತು. ಮೂರು ಸಂದರ್ಭಗಳಲ್ಲಿಯೂ ಹಳೆಯ ತಂತ್ರಾಂಶಗಳಿಗೆ ದುಭಾಷಿಯನ್ನು ಒದಗಿಸಲಾಯಿತು. ಆದರೆ ದುಭಾಷಿಯ ಸೇವೆ ಶಾಶ್ವತವಲ್ಲ. ೨೦೦೬ರ ರೊಸೆಟ್ಟಾ ೨೦೧೧ರ ಲಯನ್ ಆವೃತ್ತಿಯಲ್ಲಿ ಇಲ್ಲವಾಯಿತು. ೨೦೨೦ರ ಎರಡನೆಯ ರೊಸೆಟ್ಟಾ ಮ್ಯಾಕ್‌ಓಎಸ್‌ನ ೨೭ನೆಯ ಆವೃತ್ತಿಯವರೆಗೆ ಮಾತ್ರ ಪೂರ್ಣರೂಪದಲ್ಲಿ ಇರುವುದೆಂದು ೨೦೨೫ರ ಜೂನ್ ತಿಂಗಳಲ್ಲಿ ಪ್ರಕಟವಾಯಿತು.

ಈ ಪರಿವರ್ತನೆಗಳ ಪೆಟ್ಟು ಸಂಗೀತಕ್ಕೆ ವಿಶೇಷವಾಗಿ ತಾಗುವುದಕ್ಕೆ ಕಾರಣವುಂಟು. ೧೯೯೬ರಲ್ಲಿ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಸಂಸ್ಥೆಯು ವಿಎಸ್‌ಟಿ ಪದ್ಧತಿಯನ್ನು ತಂದಂದಿನಿಂದ ಧ್ವನಿಮುದ್ರಣದ ಮುಖ್ಯ ತಂತ್ರಾಂಶದೊಳಗೆ ಪ್ಲಗಿನ್ ಎಂಬ ಉಪತಂತ್ರಾಂಶಗಳನ್ನು ಸೇರಿಸುವ ರೂಢಿ ಬೆಳೆಯಿತು. ಒಂದು ಪ್ಲಗಿನ್ ತಂಬೂರಿಯ ಶ್ರುತಿಯನ್ನು ಕೊಟ್ಟರೆ ಇನ್ನೊಂದು ಗುಡಿಯ ಪ್ರತಿಧ್ವನಿಯನ್ನು ಕೊಡುತ್ತದೆ. ಸಾಮಾನ್ಯವಾಗಿ ಮನೆಯೂ ಅತಿಥಿಯೂ ಒಂದೇ ಆಜ್ಞಾಭಾಷೆಯವರಾಗಿರಬೇಕು. ಮುಖ್ಯ ತಂತ್ರಾಂಶವು ಹೊಸ ಪ್ರೊಸೆಸರಿಗೆ ಸಿದ್ಧವಾಗಿದ್ದರೂ ಹತ್ತು ಪ್ಲಗಿನ್‌ಗಳಲ್ಲಿ ಒಂದನ್ನು ರಚಿಸಿದವರು ಅಂಗಡಿ ಮುಚ್ಚಿದ್ದರೆ ಹಳೆಯ ಕೃತಿ ಮೊದಲಿನಂತೆ ನುಡಿಯದು. ಮೈಕನ್ನು ಗಣಕಕ್ಕೆ ಜೋಡಿಸುವ ಪೆಟ್ಟಿಗೆಯ ಚಾಲಕ ತಂತ್ರಾಂಶವು ವ್ಯವಸ್ಥೆಯ ಗರ್ಭದಲ್ಲಿ ಕೆಲಸಮಾಡುವ ಬಗೆಯದಾದರೆ ದುಭಾಷಿಗೂ ನಿಲುಕುವುದಿಲ್ಲ.

ಹೀಗಿದ್ದೂ ಮೂರು ಪರಿವರ್ತನೆಗಳನ್ನು ದಾಟಿ ಉಳಿದುದೂ ಇದೆ. ೧೯೮೮ರ ಎಐಎಫ್‌ಎಫ್, ೧೯೯೧ರ ವೇವ್ ಎಂಬ ಧ್ವನಿಕಡತಗಳು ಇಂದಿಗೂ ತೆರೆಯುತ್ತವೆ. ಅಂಕಿಯೊಂದರ ದೊಡ್ಡ ಭಾಗವನ್ನು ಮೊದಲು ಬರೆಯಬೇಕೋ ಚಿಕ್ಕ ಭಾಗವನ್ನು ಮೊದಲು ಬರೆಯಬೇಕೋ ಎಂಬುದರಲ್ಲಿ ಪವರ್‌ಪಿಸಿ ಗಣಕಗಳಿಗೂ ಇಂಟೆಲ್‌ಗೂ ವಿರೋಧವಿತ್ತು. ಆದರೆ ಈ ಕಡತಗಳಲ್ಲಿ ಆ ಕ್ರಮ ಮೊದಲೇ ನಿಶ್ಚಿತವಾಗಿದ್ದು, ಅದರ ವಿವರಣೆ ಬಹಿರಂಗವಾಗಿದ್ದುದರಿಂದ ಯಾವ ಯಂತ್ರವೂ ಓದಬಲ್ಲದಾಯಿತು. ೧೯೮೩ರ ಮಿಡಿ ಪದ್ಧತಿಯೂ ಹೀಗೆಯೇ ಬಾಳಿತು. ಆದರೆ ಮಿಡಿಯು ಯಾವ ಸ್ವರವನ್ನು ಯಾವಾಗ, ಎಷ್ಟು ಬಲದಿಂದ ನುಡಿಸಬೇಕೆಂಬುದನ್ನು ಮಾತ್ರ ತಿಳಿಸುತ್ತದೆ. ದಮಾಮಿನ ಚರ್ಮದ ಗುಂಗು, ಅಜ್ಜಿಯ ಕಂಠದ ಕಂಪನ ಅದರಲ್ಲಿ ನಿಲ್ಲವು.

ಆದುದರಿಂದ ಬಾಳುವುದು ತಂತ್ರಾಂಶವಲ್ಲ, ಎಲ್ಲರೂ ಓದಬಲ್ಲ ರೂಪದಲ್ಲಿ ಬರೆದಿಟ್ಟ ನಾದವೆಂಬುದು ಸಿದ್ಧವಾಗುತ್ತದೆ. ಈ ನಾಲ್ಕು ತಾಲೂಕುಗಳಲ್ಲಿ ಹಾಡುಗಳನ್ನು ಸಂಗ್ರಹಿಸುವವರು ಪ್ರತಿಯೊಂದು ಕಂಠವನ್ನೂ ವಾದ್ಯವನ್ನೂ ಬೇರೆಬೇರೆ ವೇವ್ ಕಡತಗಳಾಗಿ, ಪ್ಲಗಿನ್ ಸಂಸ್ಕಾರಕ್ಕೆ ಮೊದಲಿನ ರೂಪ ಒಂದು, ಅನಂತರದ ರೂಪ ಒಂದು ಎಂದು ಇಡುವುದು ಯುಕ್ತ. ಹಾಡಿದವರು, ಊರು, ದಿನ ಇವನ್ನು ಸರಳವಾದ ಪಠ್ಯಕಡತದಲ್ಲಿ ಬರೆಯಬೇಕು. ಇದೆಲ್ಲವೂ ಹಳೆಯ ಯಂತ್ರ ಇನ್ನೂ ನಡೆಯುತ್ತಿರುವಾಗಲೇ ಆಗಬೇಕಾದ ಕೆಲಸ.

ಜೋಯಿಡಾದ ಜನಕ್ಕೆ ಈ ಮಾತನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕಾಳೀ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಪೇಟೆ ನೀರಿನಲ್ಲಿ ಮುಳುಗಿ, ತಾಲೂಕಿನ ಕೇಂದ್ರ ಜೋಯಿಡಾಕ್ಕೆ ಬಂದಿತು. ನೀರು ಏರುವ ಮೊದಲು ಎತ್ತಿಕೊಂಡು ಬಂದುದಷ್ಟೇ ಉಳಿಯಿತು.