ಆಕಾಶಕ್ಕೆ ಅಂಚು ಇದೆಯೇ?



ಹೊಸ ವರ್ಷದ ಆರಂಭದಲ್ಲಿ ನಾವು ಪ್ರಭುದರ್ಶನದ ಹಬ್ಬವನ್ನು ಆಚರಿಸುತ್ತೇವೆ. ನಮ್ಮ ಹಿರಿಯರು ಇದನ್ನು ಮೂರು ರಾಯರ ಹಬ್ಬ ಎನ್ನುತ್ತಿದ್ದರು. ಗೋದಲಿಯ ಮೇಲೆ ಕಟ್ಟಿದ ನಕ್ಷತ್ರವನ್ನು ಇಳಿಸುವಾಗ ಮನೆಯ ಮಗುವೊಂದು, "ಆಕಾಶ ಎಲ್ಲಿ ಮುಗಿಯುತ್ತದೆ? ಅದರ ಆಚೆಗೆ ಏನಿದೆ?" ಎಂದು ಕೇಳಬಹುದು. ನಾವು ಹಲವು ಬಾರಿ "ಸುಮ್ಮನಿರು, ಅದೆಲ್ಲ ದೇವರಿಗೇ ಗೊತ್ತು" ಎಂದು ಆ ಬಾಯನ್ನು ಮುಚ್ಚಿಸುತ್ತೇವೆ. ಆದರೆ ಇದೇ ಪ್ರಶ್ನೆಯನ್ನು ಧರ್ಮಸಭೆಯ ಮಕ್ಕಳು ಶತಮಾನಗಳಿಂದ ಕೇಳುತ್ತಾ ಬಂದಿದ್ದಾರೆ. ಆ ಚರಿತ್ರೆಯಲ್ಲಿ ನಮಗೆ ಹೆಮ್ಮೆಯೂ ಇದೆ, ನೋವೂ ಇದೆ.

ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ವಿಶ್ವಕ್ಕೆ ಗಡಿ ಇದೆ, ಆದರೆ ಅದಕ್ಕೆ ಆರಂಭವಿಲ್ಲ ಎಂದು ಬೋಧಿಸಿದನು. ನಕ್ಷತ್ರಗಳ ಗೋಳವೇ ಕೊನೆ, ಅದರಾಚೆ ಸ್ಥಳವೇ ಇಲ್ಲ ಎಂಬುದು ಅವನ ಮತ. ಇಲ್ಲಿ ಎರಡು ಪ್ರಶ್ನೆಗಳಿವೆ ಎಂಬುದನ್ನು ನಾವು ಗಮನಿಸಬೇಕು. ವಿಶ್ವದ ವಿಸ್ತಾರಕ್ಕೆ ಎಲ್ಲೆ ಇದೆಯೇ ಎಂಬುದು ಒಂದು, ಅದರ ಕಾಲಕ್ಕೆ ಆರಂಭವಿದೆಯೇ ಎಂಬುದು ಇನ್ನೊಂದು. ಎರಡನೆಯದಕ್ಕೆ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆ ಸ್ಪಷ್ಟವಾಗಿ ಉತ್ತರಿಸಿತು: ದೇವರು ಎಲ್ಲವನ್ನೂ ಶೂನ್ಯದಿಂದ, ಕಾಲದ ಆದಿಯಲ್ಲಿ ಸೃಷ್ಟಿಸಿದರು. ಮೊದಲನೆಯದರ ಬಗ್ಗೆ ಅದು ಏನನ್ನೂ ಹೇಳಲಿಲ್ಲ.

ಸಂತ ತೋಮಸ್ ಅಕ್ವಿನಾಸರು ಈ ವಿಷಯದಲ್ಲಿ ಬಹಳ ಎಚ್ಚರಿಕೆಯಿಂದ ನಡೆದರು. ವಿಶ್ವಕ್ಕೆ ಆರಂಭವಿದೆ ಎಂದು ಅವರು ವಿಶ್ವಾಸದಿಂದ ಒಪ್ಪಿದರು. ಆದರೆ ಅದನ್ನು ಬರಿಯ ತರ್ಕದಿಂದ ಸಾಬೀತು ಮಾಡಲಾಗದು ಎಂದರು. ದುರ್ಬಲವಾದ ವಾದಗಳನ್ನು ಮುಂದಿಟ್ಟರೆ ಅವಿಶ್ವಾಸಿಗಳ ನಗೆಗೆ ಗುರಿಯಾಗುತ್ತೇವೆ ಎಂದು ಎಚ್ಚರಿಸಿದರು. ಈ ಮಾತನ್ನು ನಾವು ನೆನಪಿನಲ್ಲಿಡೋಣ.

ತೋಮಸರು 1274ರ ಮಾರ್ಚ್ 7ರಂದು ತೀರಿಕೊಂಡರು. ಸರಿಯಾಗಿ ಮೂರು ವರ್ಷಗಳ ನಂತರ, 1277ರ ಅದೇ ದಿನ, ಪ್ಯಾರಿಸಿನ ಧರ್ಮಾಧ್ಯಕ್ಷ ಎತಿಯೆನ್ ತಾಂಪಿಯೆ 219 ವಾದಗಳನ್ನು ಖಂಡಿಸಿದರು. ದೇವರು ಒಂದಕ್ಕಿಂತ ಹೆಚ್ಚು ಲೋಕಗಳನ್ನು ಮಾಡಲಾರರು ಎಂಬ ವಾದವೂ ಅವುಗಳಲ್ಲಿತ್ತು. ಆ ಖಂಡನೆಯ ಉದ್ದೇಶ ಚರ್ಚೆಯನ್ನು ನಿಲ್ಲಿಸುವುದಾಗಿತ್ತು. ಆದರೆ ದೇವರ ಶಕ್ತಿಗೆ ಅರಿಸ್ಟಾಟಲ್ ಬೇಲಿ ಹಾಕಲಾರ ಎಂದು ಹೇಳಿದ್ದರಿಂದ, ಬೇರೆ ಬಗೆಯ ವಿಶ್ವಗಳನ್ನು ಕಲ್ಪಿಸಿಕೊಳ್ಳಲು ವಿದ್ವಾಂಸರಿಗೆ ದಾರಿಯೂ ತೆರೆಯಿತು.

ಆ ದಾರಿಯಲ್ಲಿ ಬಹುದೂರ ನಡೆದವರು ಜರ್ಮನಿಯ ಮೋಸೆಲ್ ನದಿ ತೀರದ ಕೂಸ್ ಊರಿನಲ್ಲಿ 1401ರಲ್ಲಿ ಜನಿಸಿದ ನಿಕೋಲಾಸ್. ವಿಶ್ವಕ್ಕೆ ಸ್ಥಿರವಾದ ಕೇಂದ್ರವಿಲ್ಲ, ಸುತ್ತಳತೆಯೂ ಇಲ್ಲ, ಭೂಮಿ ಅದರ ನಡುವಿನಲ್ಲಿಲ್ಲ ಎಂದು ಅವರು 1440ರಲ್ಲಿ ಬರೆದರು. ಆಗಿನ್ನೂ ಕೋಪರ್ನಿಕಸ್ ಹುಟ್ಟಿರಲಿಲ್ಲ. ದೇವರು ಮಾತ್ರ ಪೂರ್ಣಾರ್ಥದಲ್ಲಿ ಅನಂತ, ವಿಶ್ವ ಎಲ್ಲೆ ಕಾಣದಂಥದ್ದು ಅಷ್ಟೇ ಎಂದು ಅವರು ಬಿಡಿಸಿ ಹೇಳಿದರು. ಇಷ್ಟು ಹೇಳಿದ ಮೇಲೆ ಧರ್ಮಸಭೆ ಅವರನ್ನು ಹೊರಹಾಕಲಿಲ್ಲ, 1448ರಲ್ಲಿ ಕಾರ್ಡಿನಲ್ ಪದವಿಗೇರಿಸಿತು. ಎಲ್ಲೆ ಕಾಣದ ವಿಶ್ವವನ್ನು ಚಿಂತಿಸಿದ ಅವರು ತಮ್ಮ ಊರಿನಲ್ಲಿ 33 ಮಂದಿ ಬಡ ವೃದ್ಧರಿಗಾಗಿ ಆಶ್ರಮ ಕಟ್ಟಿಸಿದರು. ಆ ಸಂಖ್ಯೆ ಯೇಸುಸ್ವಾಮಿ ಈ ಲೋಕದಲ್ಲಿ ಬಾಳಿದ ವರ್ಷಗಳ ನೆನಪಿಗಾಗಿ. ಆ ಮನೆ ಇಂದಿಗೂ ವೃದ್ಧರ ಸೇವೆಯಲ್ಲಿದೆ.

ಇನ್ನು ನೋವಿನ ಪುಟ. ಇಟಲಿಯ ನೋಲಾದಲ್ಲಿ 1548ರಲ್ಲಿ ಹುಟ್ಟಿದ ಜೋರ್ದಾನೊ ಬ್ರೂನೊ ಒಮ್ಮೆ ಡೊಮಿನಿಕನ್ ಸಭೆಯ ಗುರುವಾಗಿದ್ದವನು. ವಿಶ್ವ ಅನಂತ, ಅದರಲ್ಲಿ ಲೋಕಗಳು ಅಸಂಖ್ಯಾತ ಎಂದು ಅವನು 1584ರಲ್ಲಿ ಬರೆದನು. 1592ರಲ್ಲಿ ವೆನಿಸ್‌ನಲ್ಲಿ ಬಂಧಿತನಾಗಿ, ವರ್ಷಗಳ ವಿಚಾರಣೆಯ ನಂತರ, 1600ರ ಫೆಬ್ರವರಿ 17ರಂದು ರೋಮಿನ ಕಾಂಪೊ ದೇ ಫಿಯೋರಿ ಚೌಕದಲ್ಲಿ ಜೀವಂತ ಸುಡಲ್ಪಟ್ಟನು. ತ್ರೈಕ್ಯ ದೇವರನ್ನೂ ಕ್ರಿಸ್ತರ ದೈವತ್ವವನ್ನೂ ಅಲ್ಲಗಳೆದನೆಂಬ ಆರೋಪಗಳು ಅವನ ಮೇಲಿದ್ದವು, ಅನೇಕ ಲೋಕಗಳ ವಾದವೂ ಆ ಪಟ್ಟಿಯಲ್ಲಿತ್ತು. "ಅವನನ್ನು ಸುಟ್ಟದ್ದು ವಿಜ್ಞಾನಕ್ಕಾಗಿ ಅಲ್ಲ" ಎಂದು ನಮ್ಮಲ್ಲಿ ಕೆಲವರು ಸಮಾಧಾನ ಹೇಳುವುದುಂಟು. ಆದರೆ ಯಾವ ಕಾರಣಕ್ಕೇ ಆಗಲಿ, ದೇವರ ಹೆಸರಿನಲ್ಲಿ ಮನುಷ್ಯನನ್ನು ಸುಡುವುದು ಶುಭಸಂದೇಶಕ್ಕೆ ಸಲ್ಲದು. 2000ದ ಜೂಬಿಲಿ ವರ್ಷದಲ್ಲಿ ವ್ಯಾಟಿಕನ್ನಿನ ರಾಜ್ಯ ಕಾರ್ಯದರ್ಶಿ ಕಾರ್ಡಿನಲ್ ಆಂಜೆಲೊ ಸೊಡಾನೊ ಈ ಸಾವಿಗಾಗಿ ಆಳವಾದ ವಿಷಾದ ವ್ಯಕ್ತಪಡಿಸಿದರು. ನಾವೂ ತಲೆ ತಗ್ಗಿಸುತ್ತೇವೆ.

ಕಳೆದ ಶತಮಾನದಲ್ಲಿ ಈ ಕಥೆಗೆ ಹೊಸ ತಿರುವು ಕೊಟ್ಟವರು ಬೆಲ್ಜಿಯಂನ ಗುರು ಜಾರ್ಜ್ ಲೆಮೇತ್ರ್. ಮೊದಲ ಮಹಾಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದು, 1923ರಲ್ಲಿ ಗುರುದೀಕ್ಷೆ ಪಡೆದವರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದರು. ಲೆಕ್ಕ ಸರಿ, ಆದರೆ ಭೌತಶಾಸ್ತ್ರ ಸಲ್ಲದು ಎಂದು ಐನ್‌ಸ್ಟೈನ್ ಮೊದಲು ತಳ್ಳಿಹಾಕಿದರು, ಕೆಲವು ವರ್ಷಗಳ ನಂತರ ಒಪ್ಪಿಕೊಂಡರು. ಹಿಗ್ಗುತ್ತಿರುವುದು ಹಿಂದೆ ಒತ್ತಾಗಿ ಇದ್ದಿರಬೇಕಲ್ಲವೇ? 1931ರಲ್ಲಿ ಲೆಮೇತ್ರ್ ಇಡೀ ವಿಶ್ವ ಒಂದೇ "ಆದಿ ಪರಮಾಣು"ವಿನಿಂದ ಹೊರಟಿತು ಎಂದರು. ಇಂದು ಮಹಾಸ್ಫೋಟ ಎನ್ನುವ ಸಿದ್ಧಾಂತದ ಮೂಲ ಇದೇ.

1951ರ ನವೆಂಬರ್ 22ರಂದು ಜಗದ್ಗುರು ಹನ್ನೆರಡನೇ ಭಕ್ತಿನಾಥರು, ಪಯಸ್ ಎಂದು ನಾವು ಕರೆಯುವವರು, ಈ ಹೊಸ ವಿಜ್ಞಾನ ಸೃಷ್ಟಿಕರ್ತರಿಗೆ ಸಾಕ್ಷಿ ನುಡಿಯುತ್ತದೆ ಎಂಬರ್ಥದಲ್ಲಿ ಸಂತೋಷದಿಂದ ಮಾತನಾಡಿದರು. ಕೇಳಿ ಹಿಗ್ಗಬೇಕಾಗಿದ್ದ ಲೆಮೇತ್ರ್ ಚಿಂತೆಗೊಳಗಾದರು. ತಮ್ಮ ಸಿದ್ಧಾಂತ ವಿಶ್ವಾಸದ ಆಚೆಗೇ ನಿಲ್ಲತಕ್ಕದ್ದು ಎಂಬುದು ಅವರ ನಿಲುವು. ನಾಳೆ ಸಿದ್ಧಾಂತ ಬಿದ್ದರೆ, ಅದಕ್ಕೆ ತೂಗುಹಾಕಿದ ವಿಶ್ವಾಸದ ಗತಿಯೇನು? ಅವರು ವ್ಯಾಟಿಕನ್ ವೀಕ್ಷಣಾಲಯದ ನಿರ್ದೇಶಕರ ಬಳಿ ಮಾತನಾಡಿದರು. 1952ರಲ್ಲಿ ಖಗೋಳಶಾಸ್ತ್ರಜ್ಞರನ್ನು ಉದ್ದೇಶಿಸಿ ಮಾತನಾಡಿದಾಗ ಜಗದ್ಗುರುಗಳು ಆ ವಾದವನ್ನು ಮತ್ತೆ ಎತ್ತಲಿಲ್ಲ. ತೋಮಸರ ಎಚ್ಚರಿಕೆ ಏಳು ಶತಮಾನಗಳ ನಂತರ ಒಬ್ಬ ಗುರುವಿನ ಬಾಯಲ್ಲಿ ಮರಳಿತು. ಆದಿಕಾಲದ ಬೆಳಕಿನ ಉಳಿಕೆ ಪತ್ತೆಯಾದ ಸುದ್ದಿಯನ್ನು ಕೇಳಿ, ಲೆಮೇತ್ರ್ 1966ರ ಜೂನ್ 20ರಂದು ಕಣ್ಮುಚ್ಚಿದರು.

ಹಾಗಾದರೆ ಮಗುವಿಗೆ ಏನು ಉತ್ತರ? ವಿಶ್ವದ ವಯಸ್ಸು ಸುಮಾರು 1380 ಕೋಟಿ ವರ್ಷ. ನಮಗೆ ಕಾಣಬಹುದಾದ ಭಾಗದ ಎಲ್ಲೆ ಸುಮಾರು 4600 ಕೋಟಿ ಜ್ಯೋತಿರ್ವರ್ಷಗಳ ದೂರದಲ್ಲಿದೆ. ಅದು ಕಣ್ಣಿನ ಎಲ್ಲೆ, ವಿಶ್ವದ ಅಂಚಲ್ಲ. ಆಚೆಗೆ ಅದು ಅನಂತವೋ, ಪರಿಮಿತವೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. "ಗೊತ್ತಿಲ್ಲ ಮಗು, ಹುಡುಕುತ್ತಿದ್ದಾರೆ, ನೀನೂ ಹುಡುಕು" ಎನ್ನಲು ನಾವು ಅಂಜಬೇಕಿಲ್ಲ. ವಿಶ್ವ ಅನಂತವಾದರೂ ಅದು ದೇವರಾಗದು, ಪರಿಮಿತವಾದರೂ ದೇವರು ಕುಗ್ಗುವುದಿಲ್ಲ. ಎರಡೂ ಅವರ ಕೈಯಲ್ಲೇ ಇವೆ.

ಮೂಡಣ ದೇಶದ ಜ್ಞಾನಿಗಳಿಗೂ ಎಲ್ಲವೂ ತಿಳಿದಿರಲಿಲ್ಲ. ನಕ್ಷತ್ರ ನೋಡಿದರು, ಹೊರಟರು, ದಾರಿಯಲ್ಲಿ ವಿಚಾರಿಸಿದರು. ಕೊನೆಗೆ ಅವರು ಮೊಣಕಾಲೂರಿದ್ದು ನಕ್ಷತ್ರದ ಮುಂದಲ್ಲ, ತಾಯಿಯ ಮಡಿಲಿನ ಮಗುವಿನ ಮುಂದೆ. ಆಕಾಶಗಳು ಹಿಡಿಸಲಾರದ ದೇವರು ಆ ಪುಟ್ಟ ಮೈಯಲ್ಲಿ ನಮಗಾಗಿ ಬಂದಿದ್ದರು. ಈ ಹಬ್ಬದಲ್ಲಿ ನಮ್ಮ ಮಕ್ಕಳ ಪ್ರಶ್ನೆಗಳನ್ನೂ ಚಿನ್ನ, ಧೂಪ, ರಕ್ತಬೋಳದ ಜೊತೆಗೆ ಅವರ ಪಾದದಲ್ಲಿ ಇಡೋಣ. ಆಮೆನ್.