ಸೋಲಲೆಂದೇ ಆಡಿದ ಪಂದ್ಯಗಳು

ಆಟ ಎಂಬ ಮಾತಿನೊಳಗೆ ಯಾರೂ ಬರೆದಿಡದ ಒಂದು ಒಪ್ಪಂದ ಅಡಗಿದೆ. ಅಂಗಳಕ್ಕಿಳಿದ ಇಬ್ಬರೂ ಗೆಲ್ಲಲು ಯತ್ನಿಸುತ್ತಾರೆ ಎಂಬುದೇ ಆ ಒಪ್ಪಂದ. ನಿಯಮಪುಸ್ತಕಗಳು ಅಂಕಣದ ಅಳತೆಯನ್ನೂ ಚೆಂಡಿನ ತೂಕವನ್ನೂ ವಿವರವಾಗಿ ಹೇಳುತ್ತವೆ. ಗೆಲ್ಲುವ ಬಯಕೆಯನ್ನು ಮಾತ್ರ ಇದ್ದೇ ಇದೆ ಎಂದು ಭಾವಿಸಿಕೊಳ್ಳುತ್ತವೆ. ಆ ಬಯಕೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಕ್ರೀಡಾಚರಿತ್ರೆ ಹಲವು ಉತ್ತರಗಳನ್ನು ಕೊಟ್ಟಿದೆ. ಅವುಗಳಲ್ಲೊಂದು ಕನ್ನಡ ನಾಡಿನ ಮಗಳೊಬ್ಬಳ ಪಾಲಿಗೆ ಒಲಿಂಪಿಕ್ಸ್ ಬಾಗಿಲನ್ನೇ ಮುಚ್ಚಿದ ಕಥೆ.

ಬೆಂಗಳೂರಿನಲ್ಲಿ ಹುಟ್ಟಿದ, ಕೊಡವ ಮನೆತನದ ಅಶ್ವಿನಿ ಪೊನ್ನಪ್ಪ ಮತ್ತು ಮಹಾರಾಷ್ಟ್ರದ ವಾರ್ಧಾದಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಬೆಳೆದ ಜ್ವಾಲಾ ಗುಟ್ಟಾ ಅವರ ಜೋಡಿ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಹಿಳೆಯರ ಡಬಲ್ಸ್ ಚಿನ್ನ ಗೆದ್ದಿತ್ತು. ಮರುವರ್ಷ ಲಂಡನ್ನಿನ ವೆಂಬ್ಲಿ ಅರೀನಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರಿಗೆ ಕಂಚು ದೊರೆಯಿತು. 1983ರಲ್ಲಿ ಪ್ರಕಾಶ್ ಪಡುಕೋಣೆ ಗೆದ್ದ ಕಂಚಿನ ನಂತರ ಆ ಕೂಟದಲ್ಲಿ ಭಾರತಕ್ಕೆ ಬಂದ ಪದಕ ಅದೇ. 2012ರ ಒಲಿಂಪಿಕ್ಸ್ ಬ್ಯಾಡ್ಮಿಂಟನ್ ಕೂಡ ಅದೇ ವೆಂಬ್ಲಿ ಅರೀನಾದಲ್ಲೇ ನಡೆಯಲಿತ್ತು. ಆಸೆ ಪಡಲು ಕಾರಣವಿತ್ತು.

ಆ ಒಲಿಂಪಿಕ್ಸಿನಲ್ಲಿ ಬ್ಯಾಡ್ಮಿಂಟನ್ನಿನ ಸ್ವರೂಪ ಬದಲಾಗಿತ್ತು. ಅಲ್ಲಿಯವರೆಗೆ ಸೋತವರು ಹೊರಗೆ ಎಂಬ ನೇರ ಕ್ರಮವಿತ್ತು. ಈಗ ಗುಂಪು ಹಂತ ಬಂತು. ಮಹಿಳೆಯರ ಡಬಲ್ಸ್‌ನ ಹದಿನಾರು ಜೋಡಿಗಳನ್ನು ನಾಲ್ಕು ಗುಂಪುಗಳಾಗಿ ಹಂಚಿ, ಪ್ರತಿ ಗುಂಪಿನಿಂದ ಇಬ್ಬಿಬ್ಬರನ್ನು ಎಂಟರ ಘಟ್ಟಕ್ಕೆ ಕಳಿಸುವುದು ಹೊಸ ಕ್ರಮ. ಯಾವ ಗುಂಪಿನ ಮೊದಲಿಗರು ಯಾವ ಗುಂಪಿನ ಎರಡನೆಯವರನ್ನು ಎದುರಿಸಬೇಕು ಎಂಬುದು ಮೊದಲೇ ಗೊತ್ತಾಗಿತ್ತು. ಒಂದು ಪಂದ್ಯ ಸೋತರೂ ಬದುಕುಂಟು ಎನ್ನುವ ಈ ವ್ಯವಸ್ಥೆ ಮೇಲ್ನೋಟಕ್ಕೆ ಉದಾರವಾದದ್ದು. ಆದರೆ ಸೋಲಿನಿಂದ ನಷ್ಟವಿಲ್ಲದ ಕಡೆ, ಕೆಲವೊಮ್ಮೆ ಸೋಲಿನಿಂದ ಲಾಭವೂ ಹುಟ್ಟುತ್ತದೆ ಎಂಬುದನ್ನು ಅದನ್ನು ರೂಪಿಸಿದವರು ಸಾಕಷ್ಟು ಯೋಚಿಸಿರಲಿಲ್ಲ.

ಜುಲೈ 31ರ ಸಂಜೆ ಆ ಲಾಭ ಕಣ್ಣಿಗೆ ಬಿತ್ತು. ವಿಶ್ವದ ಅಗ್ರ ಜೋಡಿಯಾದ ಚೀನಾದ ವಾಂಗ್ ಷಿಯಾವೊಲಿ–ಯು ಯಾಂಗ್ ಮತ್ತು ದಕ್ಷಿಣ ಕೊರಿಯಾದ ಜೋಡಿ, ಎರಡೂ ಎಂಟರ ಘಟ್ಟ ಸೇರಿಯಾಗಿತ್ತು. ಗುಂಪಿನಲ್ಲಿ ಮೊದಲಿಗರಾದರೆ ಚೀನಾದ ಈ ಜೋಡಿ ತಮ್ಮದೇ ದೇಶದ ಎರಡನೆಯ ಜೋಡಿಯನ್ನು ಸೆಮಿಫೈನಲ್‌ನಲ್ಲೇ ಎದುರಿಸಬೇಕಾಗುತ್ತಿತ್ತು. ಎರಡನೆಯವರಾದರೆ ಫೈನಲ್‌ವರೆಗೆ ಆ ಭೇಟಿ ತಪ್ಪುತ್ತಿತ್ತು. ಹಾಗಾಗಿ ವಿಶ್ವದ ಶ್ರೇಷ್ಠರು ಸರ್ವ್‌ಗಳನ್ನು ಬಲೆಗೆ ಹೊಡೆದರು, ಶಟಲ್ಲನ್ನು ಅಂಕಣದಾಚೆಗೆ ಕಳಿಸಿದರು. ಎದುರಾಳಿಗಳೂ ಹಾಗೆಯೇ ಮಾಡತೊಡಗಿದರು. ಆ ಪಂದ್ಯದ ಅತಿ ದೀರ್ಘ ರ‍್ಯಾಲಿ ಕೇವಲ ನಾಲ್ಕು ಹೊಡೆತಗಳದ್ದು. ರೆಫರಿ ಅಂಕಣಕ್ಕೇ ಬಂದು ಎಚ್ಚರಿಸಿದರು, ಪ್ರೇಕ್ಷಕರು ಕೂಗಿ ಅಣಕಿಸಿದರು. ಚೀನಾ 14–21, 11–21ರಿಂದ ‘ಯಶಸ್ವಿಯಾಗಿ’ ಸೋತಿತು. ಅದರ ಬೆನ್ನಿಗೇ ಕೊರಿಯಾದ ಇನ್ನೊಂದು ಜೋಡಿ ಮತ್ತು ಇಂಡೋನೇಷ್ಯಾದ ಜೋಡಿ ಅದೇ ನಾಟಕವನ್ನು ಆಡಿದವು. ಗೆದ್ದವರಿಗೆ ಈಗ ಎರಡನೆಯ ಸ್ಥಾನಕ್ಕಿಳಿದಿದ್ದ ಆ ಚೀನಾ ಜೋಡಿಯೇ ಎದುರಾಗುತ್ತಿತ್ತು!

ಮರುದಿನ ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ ನಾಲ್ಕೂ ಜೋಡಿಗಳನ್ನು, ಅಂದರೆ ಎಂಟು ಆಟಗಾರ್ತಿಯರನ್ನು, ಕೂಟದಿಂದ ಹೊರಹಾಕಿತು. ಗೆಲ್ಲಲು ತಮ್ಮ ಪೂರ್ಣ ಪ್ರಯತ್ನ ಹಾಕಲಿಲ್ಲ, ಆಟಕ್ಕೆ ಕುಂದು ತಂದರು ಎಂಬುದು ಆರೋಪ. ಜಗತ್ತಿನ ಪತ್ರಿಕೆಗಳು ಬರೆದದ್ದು ಈ ಎಂಟು ಮಂದಿಯ ಕುರಿತು. ನಮ್ಮ ಕಥೆ ಇರುವುದು ಪಕ್ಕದ ಗುಂಪಿನಲ್ಲಿ.

ಅಶ್ವಿನಿ ಮತ್ತು ಜ್ವಾಲಾ ಮೊದಲ ಪಂದ್ಯದಲ್ಲಿ ಜಪಾನಿನ ಮಿಜುಕಿ ಫುಜಿ–ರೇಕಾ ಕಾಕಿಇವಾ ಜೋಡಿಗೆ ಸೋತರು. ನಂತರ ಚೈನೀಸ್ ತೈಪೆಯ ಬಲಿಷ್ಠ ಜೋಡಿಯನ್ನು ಮೂರು ಗೇಮ್‌ಗಳಲ್ಲಿ ಮಣಿಸಿದರು, ಕೊನೆಯದಾಗಿ ಸಿಂಗಪುರವನ್ನು ನೇರ ಗೇಮ್‌ಗಳಲ್ಲಿ ಸೋಲಿಸಿದರು. ಆದರೆ ಜಪಾನ್ ಜೋಡಿ ತೈಪೆಗೆ 19–21, 11–21ರಿಂದ ಸೋತಿತು. ಭಾರತ, ಜಪಾನ್, ತೈಪೆ ಮೂವರಿಗೂ ಎರಡೆರಡು ಗೆಲುವು. ಅಂಕಗಳ ಅಂತರವನ್ನು ಲೆಕ್ಕ ಹಾಕಿದಾಗ ಭಾರತದ ಜೋಡಿ ಕೇವಲ ಒಂದು ಅಂಕದಿಂದ ಹಿಂದೆ ಬಿದ್ದು ಹೊರಬಿತ್ತು. ಜಪಾನ್ ಬೇಕೆಂದೇ ಸೋತಿತೆಂಬ ಶಂಕೆಯಿಂದ ಭಾರತ ದೂರು ಸಲ್ಲಿಸಿತು. ಒಕ್ಕೂಟ ಅದನ್ನು ತಳ್ಳಿಹಾಕಿತು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಜಪಾನಿನ ಆಟಗಾರ್ತಿಯರು ಬೇಕೆಂದೇ ಸೋತರೆಂದು ಯಾವ ವಿಚಾರಣೆಯಲ್ಲೂ ಸಾಬೀತಾಗಿಲ್ಲ. ಒಳ್ಳೆಯ ಆಟಗಾರರಿಗೂ ಕೆಟ್ಟ ದಿನಗಳಿರುತ್ತವೆ. ಸರ್ವ್ ಬಲೆಗೆ ಬಿದ್ದದ್ದನ್ನು ಎಲ್ಲರೂ ನೋಡಬಹುದು. ಅದನ್ನು ಬೀಳಿಸಿದ ಮನಸ್ಸನ್ನು ಯಾರೂ ನೋಡಲಾರರು. ಎಂಟು ಮಂದಿ ಸಿಕ್ಕಿಬಿದ್ದದ್ದು ಸೋಲನ್ನು ಬಯಸಿದ್ದಕ್ಕಿಂತ ಹೆಚ್ಚಾಗಿ, ಅದನ್ನು ಮರೆಮಾಚುವ ಗೋಜಿಗೆ ಹೋಗದ ಕಾರಣಕ್ಕೆ. ಅದೇ ದಿನ ಕಾರ್ಡಿಫ್‌ನಲ್ಲಿ ಜಪಾನಿನ ಮಹಿಳಾ ಫುಟ್‌ಬಾಲ್ ತಂಡ ದಕ್ಷಿಣ ಆಫ್ರಿಕಾದ ಎದುರು ಗೋಲಿಲ್ಲದ ಡ್ರಾ ಮಾಡಿಕೊಂಡಿತ್ತು. ಗೆದ್ದರೆ ಗ್ಲಾಸ್ಗೋಗೆ ದೂರ ಪ್ರಯಾಣ, ಡ್ರಾ ಆದರೆ ಕಾರ್ಡಿಫ್‌ನಲ್ಲೇ ವಾಸ್ತವ್ಯ. ಹಾಗಾಗಿ ಗೋಲು ಹೊಡೆಯಬೇಡಿರೆಂದು ತಾನೇ ಸೂಚಿಸಿದ್ದಾಗಿ ತರಬೇತುದಾರರು ಬಹಿರಂಗವಾಗಿ ಒಪ್ಪಿಕೊಂಡರು. ಅವರಿಗೆ ಶಿಕ್ಷೆಯಾಗಲಿಲ್ಲ. ಒಂದೇ ದಿನ, ಒಂದೇ ಒಲಿಂಪಿಕ್ಸ್, ಒಂದೇ ಬಗೆಯ ಲೆಕ್ಕಾಚಾರ. ಫಲ ಮಾತ್ರ ಬೇರೆ ಬೇರೆ.

ಬ್ಯಾಡ್ಮಿಂಟನ್ನಿನಲ್ಲಿ ಇದಕ್ಕಿಂತ ಕಹಿಯಾದ ವಿಪರ್ಯಾಸ ಕಾದಿತ್ತು. ಹೊರಹಾಕಿದ ಜೋಡಿಗಳ ಜಾಗಕ್ಕೆ ಅವರವರ ಗುಂಪಿನಲ್ಲಿ ಹಿಂದುಳಿದಿದ್ದ ರಷ್ಯಾ, ಕೆನಡಾ, ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾದ ಜೋಡಿಗಳನ್ನು ಕರೆಯಲಾಯಿತು. ಮೂರೂ ಪಂದ್ಯ ಸೋತಿದ್ದ ಕೆನಡಾ ಜೋಡಿ ಕಂಚಿನ ಪಂದ್ಯದವರೆಗೆ ಹೋಯಿತು. ಕಂಚು ರಷ್ಯಾದ ಪಾಲಾಯಿತು. ಭಾರತ ದೂರಿದ್ದ ಜಪಾನ್ ಜೋಡಿ ಬೆಳ್ಳಿ ಗೆದ್ದಿತು. ಎರಡು ಪಂದ್ಯ ಗೆದ್ದಿದ್ದ ಅಶ್ವಿನಿ–ಜ್ವಾಲಾ ಮಾತ್ರ ಹೊರಗೇ ಉಳಿದರು. ಅವರ ಗುಂಪಿನಲ್ಲಿ ಯಾರೂ ಅನರ್ಹರಾಗಿರಲಿಲ್ಲವಲ್ಲ!

ಮೂರನೆಯವರಿಗೆ ಅನ್ಯಾಯ ಮಾಡುವ ಈ ಬಗೆ ಹಳೆಯದು. 1982ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಪಶ್ಚಿಮ ಜರ್ಮನಿಯನ್ನೇ ಸೋಲಿಸಿದ್ದ ಅಲ್ಜೀರಿಯಾ ತನ್ನ ಪಂದ್ಯಗಳನ್ನು ಮುಗಿಸಿ ಕಾಯುತ್ತಿತ್ತು. ಮರುದಿನ ಹಿಹೋನ್ ನಗರದಲ್ಲಿ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯಾ ಎದುರಾದವು. 1–0 ಫಲಿತಾಂಶ ಬಂದರೆ ಎರಡೂ ಮುಂದೆ ಹೋಗುತ್ತಿದ್ದವು. ಹತ್ತನೆಯ ನಿಮಿಷದಲ್ಲಿ ಜರ್ಮನಿ ಗೋಲು ಹೊಡೆದ ಮೇಲೆ ಚೆಂಡು ಅತ್ತಿತ್ತ ಉರುಳುತ್ತ ಕಾಲ ಕಳೆಯಿತು. ಅಲ್ಜೀರಿಯಾ ಮನೆಗೆ ಹೋಯಿತು. ಆನಂತರ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಏಕಕಾಲಕ್ಕೆ ನಡೆಸುವ ಪದ್ಧತಿ ಬಂತು.

ಇವೆಲ್ಲ ನಾಳೆಯ ಎದುರಾಳಿಗಾಗಿ ಇಂದು ಬಿಟ್ಟುಕೊಟ್ಟ ಪಂದ್ಯಗಳು. ಆಸ್ಟ್ರೇಲಿಯಾದಲ್ಲಿ ಇದರ ಇನ್ನೊಂದು ರೂಪವಿದೆ: ನಾಳೆಯ ಆಟಗಾರನಿಗಾಗಿ ಇಡೀ ಋತುವನ್ನೇ ಬಿಟ್ಟುಕೊಡುವುದು. ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್‌ನಲ್ಲಿ ಹೊಸ ಪ್ರತಿಭೆಗಳನ್ನು ಆರಿಸಿಕೊಳ್ಳುವ ಮೊದಲ ಅವಕಾಶ ಕೊನೆಯ ಸ್ಥಾನದ ತಂಡಕ್ಕೆ. ದುರ್ಬಲರನ್ನು ಎತ್ತುವುದು ಇದರ ಉದ್ದೇಶ. ಎರಡು ವರ್ಷ ಸತತವಾಗಿ ನಾಲ್ಕಕ್ಕಿಂತ ಹೆಚ್ಚು ಪಂದ್ಯ ಗೆಲ್ಲದಿದ್ದರೆ ಇನ್ನೂ ಒಂದು ವಿಶೇಷ ಆಯ್ಕೆ ಸಿಗುತ್ತಿತ್ತು. ಮೆಲ್ಬರ್ನ್ ಕ್ಲಬ್ 2008ರಲ್ಲಿ ಮೂರು, 2009ರಲ್ಲಿ ಸರಿಯಾಗಿ ನಾಲ್ಕು ಪಂದ್ಯಗಳನ್ನು ಗೆದ್ದು ಮೊದಲ ಎರಡೂ ಆಯ್ಕೆಗಳನ್ನು ಪಡೆಯಿತು. ವರ್ಷಗಳ ನಂತರ ಅದರ ಹಳೆಯ ಆಟಗಾರರೊಬ್ಬರ ಮಾತಿನಿಂದ ತನಿಖೆ ಆರಂಭವಾಯಿತು. 2013ರ ಫೆಬ್ರುವರಿಯಲ್ಲಿ ಲೀಗ್ ಕೊಟ್ಟ ತೀರ್ಪು ವಿಚಿತ್ರವಾಗಿತ್ತು: ಕ್ಲಬ್ ಬೇಕೆಂದೇ ಪಂದ್ಯ ಸೋಲಲಿಲ್ಲ, ಆದರೂ 5 ಲಕ್ಷ ಡಾಲರ್ ದಂಡ, ಆಗಿನ ತರಬೇತುದಾರರಿಗೂ ಒಬ್ಬ ಅಧಿಕಾರಿಗೂ ಅಮಾನತು. ಮನಸ್ಸನ್ನು ಸಾಬೀತುಪಡಿಸಲಾಗದ ತೊಡಕು ಅಲ್ಲಿಯೂ ಇತ್ತು. ಸೋಲಿನಿಂದ ಬಂದ ಫಲವಾದರೂ ಏನು? ಮೊದಲ ಆಯ್ಕೆಯ ಹುಡುಗ ಎರಡು ಋತುಗಳ ನಂತರ ಬೇರೆ ಕ್ಲಬ್ ಸೇರಿದ. ತಂಡ ಮತ್ತೆ ಫೈನಲ್ಸ್ ಹಂತ ಕಂಡದ್ದು 2018ರಲ್ಲಿ. ಸೋಲಿನ ಅಭ್ಯಾಸವನ್ನು ಬೇಕೆಂದಾಗ ಹಚ್ಚಿಕೊಂಡು ಬೇಡವೆಂದಾಗ ಕಳಚಲಾಗುವುದಿಲ್ಲ.

ನಮ್ಮ ದೇಶದ ಐಪಿಎಲ್ ಮತ್ತು ಪ್ರೊ ಕಬಡ್ಡಿ ಲೀಗ್‌ಗಳು ಹರಾಜನ್ನು ನೆಚ್ಚಿಕೊಂಡಿವೆ. ಅಲ್ಲಿ ಕೊನೆಯ ಸ್ಥಾನಕ್ಕೆ ಬಹುಮಾನವಿಲ್ಲ. ಆದ್ದರಿಂದ ಆಸ್ಟ್ರೇಲಿಯಾದ ಈ ರೋಗಕ್ಕೆ ಅಲ್ಲಿ ನೆಲೆಯಿಲ್ಲ. ಆದರೆ ಹಣಕ್ಕಾಗಿ ಕುಂದಿ ಆಡುವ ಆರೋಪ ಕರ್ನಾಟಕವನ್ನು ಬಿಡಲಿಲ್ಲ. 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ಬಳ್ಳಾರಿ ತಂಡ ಹುಬ್ಬಳ್ಳಿ ತಂಡದೆದುರು ಎಂಟು ರನ್‌ಗಳಿಂದ ಸೋತಿತು. ನಿಧಾನವಾಗಿ ಬ್ಯಾಟ್ ಬೀಸಲು ಹಣ ಪಡೆದರೆಂಬ ಆರೋಪದ ಮೇಲೆ ಬೆಂಗಳೂರು ಪೊಲೀಸರು ಇಬ್ಬರು ಆಟಗಾರರನ್ನು ಬಂಧಿಸಿದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಆ ವಂಚನೆಯ ಮೊಕದ್ದಮೆಯನ್ನು ರದ್ದುಮಾಡಿತು. ಪ್ರೇಕ್ಷಕನಿಗೆ ತಾನು ಮೋಸಹೋದೆ ಎನ್ನಿಸಬಹುದು, ಆದರೆ ಟಿಕೆಟಿನ ಹಣವನ್ನು ಅವನು ಸ್ವಇಚ್ಛೆಯಿಂದ ಕೊಟ್ಟಿದ್ದಾನೆ. ದಂಡಸಂಹಿತೆಯ 420ನೇ ಕಲಮಿನ ವಂಚನೆ ಇದಾಗದು, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂಬುದು ನ್ಯಾಯಾಲಯದ ತರ್ಕ. ಕಾನೂನಿನ ದೃಷ್ಟಿಯಿಂದ ಇದು ಗಟ್ಟಿಯಾದ ಮಾತು. ಆದರೆ ಅದು ನಮ್ಮ ಮುಂದೆ ಒಂದು ಕನ್ನಡಿ ಹಿಡಿಯುತ್ತದೆ: ಆಟದ ಆ ಮೊದಲ ಒಪ್ಪಂದಕ್ಕೆ ದಂಡಸಂಹಿತೆಯ ಕಾವಲಿಲ್ಲ.

ತಾಳಮದ್ದಳೆಯ ರುಚಿ ಬಲ್ಲ ಮುಂಬಯಿ ಕನ್ನಡಿಗರಿಗೆ ಇಲ್ಲಿ ಕರ್ಣಪರ್ವದ ಶಲ್ಯ ನೆನಪಾಗದೆ ಇರಲಾರ. ಕೌರವನ ಪಕ್ಷದಲ್ಲಿದ್ದು, ಧರ್ಮರಾಯನಿಗೆ ಕೊಟ್ಟ ಮಾತಿಗಾಗಿ ಕರ್ಣನ ತೇಜೋವಧೆ ಮಾಡುತ್ತ ರಥ ನಡೆಸಿದವನು ಅವನು. ಆದರೂ ಸರ್ಪಾಸ್ತ್ರವನ್ನು ತೊಟ್ಟ ಘಳಿಗೆಯಲ್ಲಿ ಗುರಿ ತಪ್ಪಿದೆ, ಮತ್ತೆ ತೊಡು ಎಂದು ಸರಿಯಾದ ಸಲಹೆ ಕೊಟ್ಟವನೂ ಅವನೇ. ಆ ಹೊತ್ತಿಗೆ ಕರ್ಣ ಅವನ ಮಾತನ್ನು ಕೇಳುವ ಸ್ಥಿತಿಯಲ್ಲಿರಲಿಲ್ಲ. ಒಮ್ಮೆ ಬೇಕೆಂದೇ ಕೆಡಿಸಿದವನ ಪ್ರಾಮಾಣಿಕ ಮಾತೂ ನಂಬಿಕೆ ಕಳೆದುಕೊಳ್ಳುತ್ತದೆ. ಕ್ರೀಡೆಗೂ ಇದೇ ಗಂಡಾಂತರ. ಒಂದು ಪಂದ್ಯದಲ್ಲಿ ಕಪಟ ಕಂಡ ಮೇಲೆ ಜಪಾನಿನ ಜೋಡಿಯದ್ದು ನಿಜವಾದ ಸೋಲೇ ಆಗಿದ್ದರೂ ನಾವು ಅದನ್ನು ನಂಬಲಾರೆವು.

ಒಲಿಂಪಿಕ್ಸ್ ಮುಗಿದ ಕೆಲವೇ ತಿಂಗಳಲ್ಲಿ ಬ್ಯಾಡ್ಮಿಂಟನ್ ಒಕ್ಕೂಟ ನಿಯಮ ತಿದ್ದಿತು. 2016ರ ರಿಯೊ ಒಲಿಂಪಿಕ್ಸಿನಿಂದ ಡಬಲ್ಸ್‌ನಲ್ಲಿ ಗುಂಪಿನ ಎರಡನೆಯ ಸ್ಥಾನದವರಿಗೆ ಎದುರಾಳಿ ಯಾರೆಂಬುದನ್ನು ಗುಂಪು ಹಂತ ಮುಗಿದ ಮೇಲೆ ಚೀಟಿ ಎತ್ತಿ ನಿರ್ಧರಿಸುವುದಾಯಿತು. ಸೋತು ಆಯ್ದುಕೊಳ್ಳಬಹುದಾದ ದಾರಿಯೇ ಮುಚ್ಚಿತು. ಇಷ್ಟು ಸರಳವಾದ ತಿದ್ದುಪಡಿಯನ್ನು ಮೊದಲೇ ಮಾಡಬಹುದಿತ್ತು. ಎಂಟು ಆಟಗಾರ್ತಿಯರಿಗೆ ಶಿಕ್ಷೆ ಕೊಟ್ಟದ್ದು ಸರಿ; ಸೋಲಿಗೆ ಬೆಲೆ ಕಟ್ಟಿದ ಕೋಷ್ಟಕವನ್ನು ಬರೆದವರಿಗೆ ಶಿಕ್ಷೆಯಾಗಲಿಲ್ಲ.

ನಮ್ಮ ಮುಲುಂಡ್, ಭಾಂಡೂಪ್, ಥಾಣೆಗಳ ವಸತಿ ಸಂಕೀರ್ಣಗಳ ಅಂಗಳದಲ್ಲಿ, ಸಂಘಗಳ ಕ್ರೀಡಾಕೂಟಗಳಲ್ಲಿ ಲೀಗ್ ಪಂದ್ಯಗಳ ಪಟ್ಟಿ ಬರೆಯಲು ಕೂರುವವರಿಗೂ ಈ ಚರಿತ್ರೆಯಲ್ಲಿ ಪಾಠವಿದೆ. ಕೊನೆಯ ಪಂದ್ಯಗಳನ್ನು ಒಟ್ಟಿಗೆ ಆಡಿಸಿ, ಮುಂದಿನ ಎದುರಾಳಿಯನ್ನು ಚೀಟಿಗೆ ಬಿಡಿ. ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷೆಗೊಡ್ಡುವ ಪಟ್ಟಿಯನ್ನು ನಾವೇ ಬರೆದು, ಆಮೇಲೆ ಅವರಿಗೆ ನೀತಿ ಹೇಳುವುದು ತರವಲ್ಲ. ಏಕೆಂದರೆ ಬೇಕೆಂದೇ ಆಡಿದ ಸೋಲಿನ ಬೆಲೆಯನ್ನು ಕೆಲವೊಮ್ಮೆ ಸೋತವರು ತೆರುವುದಿಲ್ಲ. ಪಕ್ಕದ ಅಂಕಣದಲ್ಲಿ ಗೆಲ್ಲಲೆಂದೇ ಆಡಿ, ಒಂದು ಅಂಕದಿಂದ ಹಿಂದುಳಿದವರು ತೆರುತ್ತಾರೆ.