ಹಲಸಿಯ ತಾಮ್ರಪಟವೂ ಅಡಿಟಿಪ್ಪಣಿಯೂ

ಬೆಳಗಾವಿಯಿಂದ ಖಾನಾಪುರಕ್ಕೆ ಬಂದು, ನಂದಗಡವನ್ನು ದಾಟಿ ಮುಂದೆ ಹೋದರೆ ಹಲಸಿ ಎಂಬ ಊರು ಸಿಗುತ್ತದೆ. ಇದೇ ಪ್ರಾಚೀನ ಪಲಾಶಿಕಾ. ಕದಂಬರ ಎರಡನೆಯ ರಾಜಧಾನಿ. ಊರ ಹೊರಗೆ ಚಕ್ರತೀರ್ಥವೆಂಬ ಬಾವಿಯ ಬಳಿಯ ದಿಬ್ಬದಲ್ಲಿ ದೊರೆತ ತಾಮ್ರಪಟಗಳ ಪಾಠವನ್ನು ಜೆ. ಎಫ್. ಫ್ಲೀಟ್ ಎಂಬ ವಿದ್ವಾಂಸರು 1877ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯ ಆರನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು.

ಅವುಗಳಲ್ಲೊಂದು, ಯುವರಾಜ ಕಾಕುಸ್ಥವರ್ಮನು ಶ್ರುತಕೀರ್ತಿ ಎಂಬ ಸೇನಾಪತಿಗೆ ಹೊಲವನ್ನು ದಾನವಿತ್ತುದನ್ನು ಹೇಳುತ್ತದೆ. ಕಾಲವೆಂದು ಕೊಟ್ಟಿರುವುದು ತನ್ನ ವಿಜಯದ ಎಂಬತ್ತನೆಯ ವರ್ಷ. ಇನ್ನೂ ಯುವರಾಜನಾಗಿರುವವನಿಗೆ ವಿಜಯದ ಎಂಬತ್ತು ವರ್ಷ ತುಂಬುವುದೆಂತು? ವಂಶದ ಆರಂಭದಿಂದ ಎಣಿಸಿದ್ದು ಎಂದು ಕೆಲವರು. ಗುಪ್ತ ಶಕೆಯೆಂದು ಮತ್ತೆ ಕೆಲವರು. ಎರಡೂ ವಿದ್ವಾಂಸರ ಊಹೆಗಳೇ.

ವಿದ್ಯಾರ್ಥಿಯೊಬ್ಬನು ಇವುಗಳಲ್ಲೊಂದನ್ನು ಹಿಡಿದು ಇಸವಿಯನ್ನು ಬರೆದು, ಅದು ಯಾರ ಲೆಕ್ಕವೆಂದು ತಿಳಿಸದೆ ಬಿಟ್ಟನೆನ್ನಿ. ಮತ್ತೊಬ್ಬನು ಅವನಿಂದ ಎತ್ತಿಕೊಳ್ಳುತ್ತಾನೆ. ಮೂರನೆಯವನ ಕೈಸೇರುವ ವೇಳೆಗೆ ಊಹೆಯು ಶಾಸನದ ಮಾತೇ ಆಗಿಬಿಡುತ್ತದೆ! ಆಕರವನ್ನು ಹೇಳಬೇಕೆಂಬುದು ಇದಕ್ಕಾಗಿ. ಬರಿಯ ಅಂಕಗಳಿಗಾಗಿ ಅಲ್ಲ.

ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ, ಒಬ್ಬ ಅಧ್ಯಾಪಕರು ಒಂದು ಕ್ರಮವನ್ನೂ ಇನ್ನೊಬ್ಬರು ಬೇರೊಂದನ್ನೂ ಕೇಳುತ್ತಾರೆಂಬ ಗೊಣಗನ್ನು ನೀವು ಕೇಳಿರಬಹುದು. ಚರಿತ್ರಕಾರರಿಗೆ ಪ್ರಿಯವಾದ ಷಿಕಾಗೋ ಕ್ರಮದ ಕೈಪಿಡಿ ಮೊದಲು ಬಂದುದು 1906ರಲ್ಲಿ. ಅದರಂತೆ ಲೇಖಕ, ಲೇಖನ, ಪತ್ರಿಕೆ, ಸಂಪುಟ, ವರ್ಷ, ಪುಟ ಎಲ್ಲವೂ ಅಡಿಟಿಪ್ಪಣಿಯಲ್ಲಿ ಬರುತ್ತವೆ. 1929ರಲ್ಲಿ ಆರಂಭವಾದ ಅಮೆರಿಕದ ಮನಶ್ಶಾಸ್ತ್ರಜ್ಞರ ಕ್ರಮದಲ್ಲಿ ವಾಕ್ಯದೊಳಗೆ ‘ಫ್ಲೀಟ್, 1877’ ಎಂದಿಟ್ಟು ಉಳಿದುದನ್ನು ಕೊನೆಯ ಪಟ್ಟಿಗೆ ಬಿಡುತ್ತಾರೆ. ಸಾಹಿತ್ಯದವರ ಎಂ. ಎಲ್. ಎ. ಕ್ರಮದಲ್ಲಿ ಹೆಸರಿನ ಜತೆಗೆ ಪುಟಸಂಖ್ಯೆ. ಉಡುಪು ಬೇರೆ, ಆಳು ಒಬ್ಬನೇ.

ಎರಡು ಎಚ್ಚರಿಕೆಗಳು ಎಲ್ಲ ಕ್ರಮಗಳಿಗೂ ಸಲ್ಲುತ್ತವೆ. ಫ್ಲೀಟರ ಸಂಪುಟವನ್ನು ಕಣ್ಣಾರೆ ಕಾಣದೆ, ಜಿ. ಎಸ್. ಗಾಯಿಯವರು 1996ರಲ್ಲಿ ಹೊರತಂದ ಕದಂಬ ಶಾಸನಗಳ ಸಂಗ್ರಹದಲ್ಲಿ ಪಾಠವನ್ನು ಓದಿದ್ದರೆ ಗಾಯಿಯವರನ್ನೇ ಹೆಸರಿಸಬೇಕು. ಎರಡನೆಯದು, ಊರ ಹೆಸರು. ಇಂಗ್ಲಿಷಿನಲ್ಲಿಯೂ ‘ಬೆಳಗಾವಿ’ ಎಂದಾದುದು 2014ರಲ್ಲಿ. 1884ರ ಗ್ಯಾಸೆಟಿಯರಿನ ಹೆಸರಿನಲ್ಲಿರುವುದು ‘ಬೆಲ್ಗಾಂ’. ನಮ್ಮ ಅಭಿಮಾನಕ್ಕಾಗಿ ಅದನ್ನು ತಿದ್ದಿದರೆ ಗ್ರಂಥಾಲಯದ ಪಟ್ಟಿಯಲ್ಲಿ ಪುಸ್ತಕವೇ ಸಿಕ್ಕದು.

ಕೊಟ್ಟವನಾರು, ಪಡೆದವನಾರು, ಯಾವ ಹೊಲ ಎಂಬುದನ್ನು ಕಾಕುಸ್ಥನು ತಾಮ್ರದಲ್ಲಿಯೇ ಕೊರೆಸಿದನು. ಎಣಿಕೆಯ ಮೂಲವೊಂದು ಸ್ಪಷ್ಟವಾಗದುದಕ್ಕೆ ವಿದ್ವಾಂಸರು ಇಷ್ಟು ಕಾಲ ವಾದಿಸಬೇಕಾಯಿತು. ನಮ್ಮ ಮಕ್ಕಳಿಗೆ ಬೇಕಾದುದು ಕಾಗದದ ಮೇಲೆ ಒಂದೇ ಸಾಲು. ಅದನ್ನು ಬರೆಯಿಸೋಣ.